ಸ್ವಾಮಿಗೆ ಕಟ್ಟಿದ ಬುತ್ತಿ

ಕಳೆದ ವಾರ ನೌಬಾದಿನ ಬಸ್ ಸ್ಟಾಪಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಪಕ್ಕಕ್ಕೇ ಕೂತು ಬುತ್ತಿ ಬಿಚ್ಚಿದಳು. ಹಳೆಯ ಧೋತರದ ತುಂಡು, ಒಳಗೆ ಮಡಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಬಿಸಿಲಿಗೆ ಬೆವೆತ ಬಟ್ಟೆಯ ವಾಸನೆ, ಬೆಳ್ಳುಳ್ಳಿ ಖಾರದ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದವು. "ಉಣ್ರಿ ಅಕ್ಕಾ" ಎಂದು ಅರ್ಧ ರೊಟ್ಟಿ ಮುರಿದು ಚಾಚಿದಳು. ನಮ್ಮ ಕಡೆಯವರಿಗೆ ಪಕ್ಕದವರನ್ನು ಕರೆಯದೆ ತುತ್ತು ಇಳಿಯುವುದಿಲ್ಲ. ನಾನು ಬೇಡವೆಂದು ಮುಖ ತಿರುಗಿಸಿ ಕೂತೆ. ಸೊಕ್ಕಿನವಳು ಎಂದುಕೊಂಡಿರಬೇಕು. ಸೊಕ್ಕಲ್ಲ ತಾಯಿ! ಆ ವಾಸನೆಗೆ ಡಾಬಕಾ ನೆನಪಾಗುತ್ತದೆ, ಡಾಬಕಾ ನೆನಪಾದರೆ ಸುಶೀಲಮ್ಮ ನೆನಪಾಗುತ್ತಾಳೆ, ಸುಶೀಲಮ್ಮ ನೆನಪಾದರೆ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೀದರದ ಮೈಲೂರಿನಲ್ಲಿ. ನಮ್ಮವರು ಪಾಸ್ಟರು. ದೊಡ್ಡವರು ಕೂಡಿ ಯಾವ ಪಾಸ್ಟರಿಗೆ ಯಾವ ಊರು ಎಂದು ಪಟ್ಟಿ ಓದುತ್ತಾರೆ. ಓದಿದ ಮೇಲೆ ಹೂಂ ಇಲ್ಲ, ಉಹೂಂ ಇಲ್ಲ, ಗಂಟು ಕಟ್ಟುವುದೇ. ಆ ವರ್ಷ ನಮ್ಮವರ ಹೆಸರಿನ ಮುಂದೆ ಔರಾದ ತಾಲೂಕಿನ ಡಾಬಕಾ ಬಂತು. ಅಲ್ಲಿದ್ದ ಪಾಸ್ಟರಿಗೆ ಭಾಲ್ಕಿ. ಆ ಪಾಸ್ಟರ ಹೆಂಡತಿಯೇ ಸುಶೀಲಮ್ಮ. ಒಂಬತ್ತು ವರ್ಷ ಡಾಬಕಾದಲ್ಲಿ ಇದ್ದವಳು. ಜೂನ್ ತಿಂಗಳ ಮೊದಲ ಮಳೆಯಲ್ಲಿ ನಾನು ಟೆಂಪೋದಿಂದ ಇಳಿದಾಗ ನಮ್ಮ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ನನ್ನನ್ನು ನೋಡಿ ಸಂತೋಷಕ್ಕೆ ಅಳುತ್ತಿದ್ದಾರೆಂದು ಎರಡು ನಿಮಿಷ ತಿಳಿದಿದ್ದೆ. ಆಕೆಯ ಬಸ್ಸು ಆಗ ತಾನೇ ಹೋಗಿತ್ತಂತೆ.

ಅಂದಿನಿಂದ ಶುರುವಾಯಿತು ನೋಡಿ. ಸಾರಿಗೆ ಹುಣಸೆ ಹಾಕಿದರೆ "ಸುಶೀಲಮ್ಮಾರು ಟಮಾಟಿ ಹಾಕ್ತಿದ್ರು." ಚರ್ಚಿನಲ್ಲಿ ಹಾಡು ಎತ್ತಿದರೆ "ಸುಶೀಲಮ್ಮಾರು ಇನ್ನ ಜರಾ ಮ್ಯಾಲಿಂದ ಎತ್ತತಿದ್ರು." ಬಾಣಂತಿಯನ್ನು ನೋಡಲು ಹೋದರೆ, "ಸುಶೀಲಮ್ಮಾರ ಕೈ ತಣ್ಣಗ ಇರತಿತ್ತು." ನನ್ನ ಕೈ ಏನು ಕಾದ ಹಂಚೇ? ಓಣಿಯಲ್ಲಿ ನಿಂತು ಸುಶೀ ಎಂದು ಕೂಗಿದರೆ ಮೂರು ಹುಡುಗಿಯರೂ ಒಂದು ಆಡಿನ ಮರಿಯೂ ಓಡಿ ಬರುತ್ತಿದ್ದವು. ಎಲ್ಲಕ್ಕೂ ಆಕೆಯದೇ ಹೆಸರು. ನಮಗೆ ಕೊಟ್ಟ ಮನೆಯ ಹಿತ್ತಲಲ್ಲಿ ಆಕೆ ನೆಟ್ಟ ಕರಿಬೇವಿನ ಗಿಡವಿತ್ತು. ಅದಕ್ಕೆ ಒಂದು ತಿಂಗಳು ಬೇಕೆಂದೇ ನೀರು ಹಾಕಲಿಲ್ಲ. ಅದು ಮತ್ತಷ್ಟು ಚಿಗುರಿತು.

ನಮ್ಮವರ ಹತ್ತಿರ ಹೇಳಿಕೊಂಡರೆ, "ಹೊಟ್ಟೆಕಿಚ್ಚು ಪಾಪ ಎಸ್ತೇರ್" ಎಂದು ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದರು. "ನಿಮಗೇನು, ಆರಾಮ ಅದೀರಿ. ಆಕಿ ಗಂಡನ್ನ ಈ ಊರಾಗ ಯಾರೂ ನೆನಸಂಗಿಲ್ಲ" ಎಂದೆ. ಅದು ಖರೇ ಇತ್ತು. ಒಂಬತ್ತು ವರ್ಷ ಆ ಪಾಸ್ಟರು ಕೊಟ್ಟ ಪ್ರಸಂಗಗಳಲ್ಲಿ ಒಂದು ಮಾತೂ ಯಾರ ಬಾಯಲ್ಲೂ ಉಳಿದಿರಲಿಲ್ಲ. ಆತನ ಹೆಂಡತಿ ಮಾತ್ರ ಉಪ್ಪಿನಕಾಯಿಯ ಭರಣಿಯೊಳಗೂ ಇದ್ದಳು.

ಆಕೆ ಬಂದು ಹೋಗಿ ಮಾಡುತ್ತಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅದಕ್ಕೂ ಎಡೆಯಿಲ್ಲ. ಹೊರಡುವ ದಿನ ಓಣಿಯವರನ್ನೆಲ್ಲ ಕೂಡಿಸಿ, "ನಾಳಿಂದ ಹೊಸಾ ಪಾಸ್ಟ್ರಮ್ಮನ ನಿಮ್ಮ ಅಮ್ಮ. ಆಕಿ ತನ್ನ ಬಾಯಿಲೆ ಕರೀದೆ ನಾ ಈ ಓಣಿಗೆ ಕಾಲು ಇಡಂಗಿಲ್ಲ. ನೀವು ಫೋನ್ ಹಚ್ಚಿದ್ರ ಎತ್ತಂಗಿಲ್ಲ" ಎಂದು ಹೇಳಿ ಹೋಗಿದ್ದಳಂತೆ. ಹಾಗೇ ನಡೆದುಕೊಂಡಳು. ಜನ ಫೋನ್ ಮಾಡಿ ಮಾಡಿ ಸೋತರು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ದೊಡ್ಡ ತಕಲೀಫು. ಬಯ್ಯಲು ಏನೂ ಸಿಗುವುದಿಲ್ಲ.

ಇನ್ನು ಆ ಹಬ್ಬದ ವಿಷಯ. ಹಬ್ಬವೆಂದರೆ ನಮ್ಮ ಮಂದಿಗೆ ಕ್ರಿಸ್ಮಸ್, ಈಸ್ಟರ್. ಈಸ್ಟರ್‌ನಿಂದ ನಲವತ್ತನೆಯ ದಿನ, ಗುರುವಾರ, ಆರೋಹಣ ದಿನ ಬರುತ್ತದೆ ಎಂಬುದು ಪಂಚಾಂಗ ಬರೆದವರಿಗೆ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಸಮಾಧಿಯಿಂದ ಎದ್ದು ಬಂದ ಸ್ವಾಮಿ ನಲವತ್ತು ದಿನ ತನ್ನವರ ಜೊತೆ ಉಂಡು, ನಡೆದು, ಮಾತಾಡಿ, ಕೊನೆಗೆ ಊರ ಹೊರಗಿನ ಗುಡ್ಡದಲ್ಲಿ ಅವರನ್ನು ಹರಸುತ್ತ ಹರಸುತ್ತಲೇ ಮೇಲಕ್ಕೆ ಹೋದ ದಿನ ಅದು. ರಜೆ ಇಲ್ಲ, ಕೇಕಿಲ್ಲ, ಹೊಸ ಬಟ್ಟೆಯಿಲ್ಲ. ಮೈಲೂರಿನಲ್ಲಿ ಆ ಸಂಜೆ ಆರಾಧನೆ ಇಟ್ಟರೆ ಪಾಸ್ಟರು, ಗಂಟೆ ಬಾರಿಸುವವನು, ಸಭೆಯ ಹಿರಿಯನೆಂಬ ಕರ್ಮಕ್ಕೆ ನಮ್ಮಪ್ಪ, ನಮ್ಮಪ್ಪನ ಕಾಟಕ್ಕೆ ನಾವು. ನನಗೆ ಚಿಕ್ಕಂದಿನಿಂದಲೂ ಒಂದು ತಕರಾರು ಇತ್ತು: ಬಂದರೆ ಹಬ್ಬ ಮಾಡಬೇಕು, ಹೋದದ್ದಕ್ಕೆ ಎಂಥ ಹಬ್ಬ?

ಡಾಬಕಾದಲ್ಲಿ ಮಾತ್ರ ಈ ಹಬ್ಬಕ್ಕೆ ಕ್ರಿಸ್ಮಸ್‌ಗಿಂತ ಹೆಚ್ಚು ಗದ್ದಲ. ಕಲಿಸಿದವಳು ಯಾರು? ಹೇಳಬೇಕೇ! ಬೇಸಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವ ತಿಂಗಳು ಅದು. "ಮಗಳು ಹೊಂಟಾಗ ಏನ ಮಾಡ್ತೀರಿ?" ಎಂದು ಸುಶೀಲಮ್ಮ ಹೆಂಗಸರನ್ನು ಕೇಳಿದ್ದಳಂತೆ. "ಬುತ್ತಿ ಕಟ್ತೇವಿ, ದಿಬ್ಬದ ತನಕ ಹೋಗಿ ಕಳಿಸ್ತೇವಿ." "ಹಂಗಾದ್ರ ಸ್ವಾಮಿನ್ನೂ ಹಂಗೇ ಕಳಿಸ್ರಿ." ಅಂದಿನಿಂದ ಆರೋಹಣದ ಗುರುವಾರ ಬೆಳಗಿನ ತಂಪಿನಲ್ಲಿ ಇಡೀ ಸಭೆ ಊರ ಹೊರಗಿನ ದಿಬ್ಬಕ್ಕೆ ಹೋಗುತ್ತದೆ. ಪ್ರತಿ ಮನೆಯಿಂದ ಒಂದೊಂದು ರೊಟ್ಟಿ ಬರುತ್ತದೆ. ಪಾಸ್ಟ್ರಮ್ಮ ಅವನ್ನೆಲ್ಲ ಒಂದೇ ಬಟ್ಟೆಯಲ್ಲಿ ಸ್ವಾಮಿಯ ಬುತ್ತಿ ಎಂದು ಕಟ್ಟಬೇಕು. ಹಾಡಿ, ಪ್ರಾರ್ಥನೆ ಮಾಡಿ, ದಾರಿಯಲ್ಲಿ ಮೊದಲು ಬಂದ ಪರಸ್ಥಳದವರ ಕೈಗೆ ಆ ಬುತ್ತಿ ಕೊಟ್ಟು, ಊರಿಗೆ ತಿರುಗಬೇಕು. ತಿರುಗಿದ ಮೇಲೆ ಹಿಂದಕ್ಕೆ ನೋಡುವ ಹಾಗಿಲ್ಲ. ಸ್ವಾಮಿ ಹೋದಾಗ ಶಿಷ್ಯರು ಬಾಯಿ ತೆರೆದು ಮುಗಿಲು ನೋಡುತ್ತ ನಿಂತಿದ್ದರು, ಬಿಳಿ ಬಟ್ಟೆಯವರು ಇಬ್ಬರು ಬಂದು ಎಚ್ಚರಿಸಿ ಕಳಿಸಿದರು ಎಂದು ಕತೆಯಿದೆಯಲ್ಲ, ಅದಕ್ಕೆ ಈ ನೇಮ. ಹಿಂದೆ ನೋಡಿ ಸಿಕ್ಕಿಬಿದ್ದವರು ಒಂದು ತಿಂಗಳು ಚರ್ಚಿನ ಕಸ ಹೊಡೆಯಬೇಕು.

ಇದನ್ನೆಲ್ಲ ನನಗೆ ಹೇಳಿದವಳು ತುಳಜಮ್ಮ ಆಯಿ. ದೀಕ್ಷಾಸ್ನಾನ ಕೊಟ್ಟವರು ಆಕೆಗೆ ಮಾರ್ಥಾ ಎಂದು ಹೆಸರಿಟ್ಟಿದ್ದರಂತೆ, ಆದರೆ ಊರಿನವರು ಕೊನೆಯ ತನಕ ತುಳಜಮ್ಮನೆಂದೇ ಕರೆದರು. ಓಣಿಗೆ ಹಿರಿಯಳು. ಆ ಬೇಸಿಗೆಗೆ ಕಾಲು ಬಾತು ಹಾಸಿಗೆ ಹಿಡಿದಿದ್ದಳು. ಔರಾದಿನ ದವಾಖಾನೆಯವರು ಮನೆಗೆ ಒಯ್ದು ಬೇಕಾದ್ದು ಕೊಡಿ ಎಂದಿದ್ದರು. ಮಗಳು ಕಮಲಾ ತೊಗರಿಯ ಹೊಲ, ಕುರಿ, ತಾಯಿ ಮೂರನ್ನೂ ನೋಡಿಕೊಳ್ಳುತ್ತಿದ್ದಳು. ಬಾಯಿ ಬಿರುಸು, ಕೈ ಅದಕ್ಕಿಂತ ಬಿರುಸು.

ಈಸ್ಟರ್ ಆಗಿ ತಿಂಗಳಾಗಿರಬೇಕು. ಆಯಿ ನನ್ನನ್ನು ಕರೆಸಿದಳು. ಹೊರಸಿನ ಮೇಲೆ ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು ಹೇಳಿದಳು, "ಪಾಸ್ಟ್ರಮ್ಮಾ, ಒಂದು ಮಾತು ನಡಸಿ ಕೊಡ್ತೀಯೇನವ್ವಾ? ಈ ಆರೋಹಣಕ್ಕ ಸುಶೀಲಮ್ಮನ್ನ ಕರಸು. ಒಂದು ಸಲ ನೋಡ್ತೇನಿ. ನೀ ಕರದ್ರನ ಬರ್ತಾಳ ಆಕಿ, ಇಲ್ಲಾಂದ್ರ ಬರಂಗಿಲ್ಲ."

ಕಮಲಾ ಬಾಗಿಲಲ್ಲಿ ನಿಂತಿದ್ದಳು. "ಕರೀತಾರ ಬಿಡವ್ವಾ, ಯಾಕ ಕರಿಯಂಗಿಲ್ಲ" ಎಂದಳು.

ನಾನು ಹೂಂ ಎಂದು ಬಂದೆ. ಭಾಲ್ಕಿಯ ನಂಬರು ನಮ್ಮವರ ಡೈರಿಯಲ್ಲಿ ಇತ್ತು. ಫೋನನ್ನು ಕೈಯಲ್ಲಿ ಹಿಡಿದು ಹಿತ್ತಲಲ್ಲಿ ನಿಂತೆ. ಆಕೆ ಬಸ್ಸಿನಿಂದ ಇಳಿಯುವುದು ಕಣ್ಣಿಗೆ ಕಂಡಿತು. ಮೂರು ಸುಶೀಲೆಯರೂ ಓಡುತ್ತಾರೆ. ಹೆಂಗಸರು ಮತ್ತೆ ಅಳುತ್ತಾರೆ. ಬುತ್ತಿ ಕಟ್ಟುವಾಗ ನಾನು ಬಟ್ಟೆ ಹಾಸಿದರೆ, "ಸುಶೀಲಮ್ಮಾರ ಕೈಲೆ ಕಟ್ಟಸ್ರಿ, ಇದ್ದಾರಲ್ಲ" ಎಂದು ಯಾರಾದರೂ ಅನ್ನುತ್ತಾರೆ, ನಾನು ನಗುತ್ತ ಪಕ್ಕಕ್ಕೆ ಸರಿಯಬೇಕು. ವರ್ಷಪೂರ್ತಿ ಇವರ ಜ್ವರಕ್ಕೆ, ನೆಗಡಿಗೆ, ಜಗಳಕ್ಕೆ ಓಡಾಡಿದವಳು ನಾನು. ಆ ಒಂದು ಬೆಳಗು ನನಗಿರಲಿ ಎಂದು ಅನ್ನಿಸಿತು. ಫೋನ್ ಮಾಡಲಿಲ್ಲ. ನಾಳೆ ಮಾಡುತ್ತೇನೆ ಎಂದುಕೊಂಡೆ. ಆ ನಾಳೆಯೂ ಮಾಡಲಿಲ್ಲ.

ವಾರ ಬಿಟ್ಟು ಕಮಲಾ ಕೇಳಿದಳು. "ಮಾತಾಡಿದ್ರೇನ್ರಿ ಅಮ್ಮಾ?"

"ಮಾತಾಡಿದೆ. ಪಾಪ, ಮೊಣಕಾಲು ನೋವಂತ. ಬಸ್ಸಿನ ಮೆಟ್ಟಲಾ ಹತ್ತಲಿಕ್ಕ ಆಗಂಗಿಲ್ಲಂತ" ಎಂದೆ. ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಮೊಣಕಾಲು ನೋವು ಇದ್ದದ್ದು ನಮ್ಮವ್ವನಿಗೆ.

ಆರೋಹಣದ ಬೆಳಗು ಆಯಿಯನ್ನು ಹೊರಸಿನ ಸಮೇತ ನಾಲ್ಕು ಮಂದಿ ಹೊತ್ತು ತಂದರು. ಬೇಡವೆಂದರೂ ಕೇಳಲಿಲ್ಲವಂತೆ. ಹರಗಿ ಬಿಟ್ಟ ಕರಿ ಹೊಲಗಳು ಬಾಯಿ ಬಿಟ್ಟಿದ್ದವು, ದಿಬ್ಬದ ಬೇವಿನ ಮರ ಹೂ ಉದುರಿಸುತ್ತಿತ್ತು. ನಾನು ಬಟ್ಟೆ ಹಾಸಿದೆ. ರೊಟ್ಟಿ ಜೋಡಿಸಿ, ಹಿಂಡಿ ಇಟ್ಟು, ಬೆಲ್ಲ ಇಟ್ಟು, ನಾಲ್ಕು ತುದಿ ಎಳೆದು ಗಂಟು ಹಾಕಿದೆ. "ಚಲೋ ಕಟ್ಟ್ಯಾರ ನೋಡು" ಎಂದು ಒಬ್ಬಳು ಅಂದಳು. ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ. ಒಂದು ವರ್ಷದಲ್ಲಿ ಮೊದಲ ಸಲ ಆ ಊರಿನಲ್ಲಿ ಯಾರೋ ಆಕೆಯ ಹೆಸರು ಎತ್ತದೆ ನನ್ನನ್ನು ಹೊಗಳಿದ್ದರು.

ಮೊದಲು ಬಂದವನು ಮೋಟರ್ ಸೈಕಲ್ಲಿನ ಮೇಲೆ ಉದಗೀರಿಗೆ ಹೊರಟಿದ್ದ ಕುರಿ ವ್ಯಾಪಾರಿ, ಸಾಬರ ಮುದುಕ. ಬುತ್ತಿ ಕೊಟ್ಟರೆ ತಬ್ಬಿಬ್ಬಾದ. "ಕಿಸ್ಕಾ ಹೈ ಅಮ್ಮಾ? ಯಾರದಿದು?" ಎಂದ. "ಊರಿಗೆ ಹ್ವಾದವರದು" ಎಂದರು ಹೆಂಗಸರು. "ಅಚ್ಛಾ. ಹ್ವಾದವರು ಸುಖಲೆ ಮುಟ್ಟಲಿ" ಎಂದು ಬುತ್ತಿಯನ್ನು ಕಣ್ಣಿಗೆ ಒತ್ತಿಕೊಂಡು ಹೋದ.

ಎಲ್ಲರೂ ಊರ ಕಡೆ ತಿರುಗಿದೆವು. ಹೊರಸು ಹೊತ್ತವರು ಮುಂದೆ, ನಾನು ಹಿಂದೆ. ಆಯಿ ಮಲಗಿದಲ್ಲಿಂದ ಕುತ್ತಿಗೆ ಎತ್ತಿ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಹುಡುಗರು ಕೇಕೆ ಹಾಕಿದರು, "ಆಯಿ ನೋಡಿದಳು! ಆಯಿ ಕಸಾ ಹೊಡೀಬೇಕು!"

"ಹೊಡೀತೇನಿ ಬಿಡ್ರೋ" ಎಂದಳು ಆಯಿ. "ಭಾಲ್ಕಿ ಬಸ್ ಬರೂ ಹೊತ್ತಾತು. ಕಾಲಿನ ನೋವು ಕಡಿಮ್ಯಾಗಿ ಬಂದರೂ ಬರಬಹುದು ಆಕಿ."

ನಾನು ತಲೆ ಕೆಳಗೆ ಹಾಕಿ ನಡೆದೆ. ನಿಯಮ ಪಾಲಿಸುತ್ತಿದ್ದೇನೆ ಎಂದು ಜನ ತಿಳಿದರು. ಆಗಲೂ ಸಮಯವಿತ್ತು. ಮನೆಗೆ ಹೋಗಿ ಒಂದು ಫೋನ್ ಮಾಡಿದ್ದರೆ ಮಧ್ಯಾಹ್ನದ ಬಸ್ಸಿಗೆ ಸುಶೀಲಮ್ಮ ಇಳಿಯುತ್ತಿದ್ದಳು. ಆದರೆ ಮಾಡಿದರೆ ಮೊಣಕಾಲಿನ ಕತೆ ಹೊರಬೀಳುತ್ತಿತ್ತು. ಹೊಟ್ಟೆಕಿಚ್ಚಿಗೆ ಈಗ ಹೆದರಿಕೆಯೂ ಜೊತೆಯಾಗಿತ್ತು.

ಮುಂದಿನ ಹದಿನೈದು ದಿನ ದಿನಾಲೂ ಆಯಿಯ ಮನೆಗೆ ಹೋದೆ. ಗಂಜಿ ಒಯ್ದೆ, ಕಾಲು ಒತ್ತಿದೆ, ಕೀರ್ತನೆ ಓದಿದೆ. ಪ್ರಾಯಶ್ಚಿತ್ತ ಅನ್ನಬೇಡಿ, ಮಾಡಿದ್ದನ್ನು ಮುಚ್ಚಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು. ಆಯಿಯ ಕಣ್ಣು ಮಂದವಾಗುತ್ತ ಬಂದಿತ್ತು. ಒಂದು ಮಧ್ಯಾಹ್ನ ನನ್ನ ಕೈ ಸವರುತ್ತ ಕೇಳಿದಳು, "ಸುಶೀಲಮ್ಮಾ, ಬಂದಿಯೇನವ್ವಾ?"

ಹೂಂ ಅನ್ನಬೇಕಿತ್ತು. ಆಕೆಗೆ ಬೇಕಾದದ್ದು ಅದೊಂದೇ ಅಕ್ಷರ. ಅಷ್ಟು ದೊಡ್ಡ ಸುಳ್ಳು ಸಲೀಸಾಗಿ ಹೇಳಿದ್ದ ನನ್ನ ಬಾಯಿಗೆ ಈ ಸಣ್ಣದು ಬರಲಿಲ್ಲ. "ಅಲ್ಲ ಆಯಿ, ನಾನು. ಎಸ್ತೇರ್" ಎಂದೆ. ಗಂಜಿ ತಂದವಳು ನಾನು, ಕಾಲು ಒತ್ತಿದವಳು ನಾನು, ಹೆಸರು ಆಕೆಯದೇ? ಆಯಿ "ಹೌದೇನವ್ವಾ" ಎಂದು ಕೈ ಬಿಟ್ಟಳು. ಇದನ್ನು ನಮ್ಮವರಿಗೂ ಇದುವರೆಗೆ ಹೇಳಿಲ್ಲ.

ಮೃಗಶಿರಾ ಮಳೆ ಬಿದ್ದ ಮರುದಿನ ಆಯಿ ಹೋದಳು. ಸುದ್ದಿ ಯಾರ ಫೋನಿನಿಂದಲೋ ಭಾಲ್ಕಿಯ ಪಾಸ್ಟರಿಗೂ ಮುಟ್ಟಿತು. ಮಣ್ಣಿಗೆ ಬರಲು ಯಾರ ಕರೆಯೂ ಬೇಕಿಲ್ಲವಲ್ಲ. ಸುಶೀಲಮ್ಮ ಬಂದಳು. ನಾನು ಆಕೆಯನ್ನು ಮೊದಲು ನೋಡಿದ್ದು ಅಂದೇ. ಗಿಡ್ಡಗೆ, ಕಪ್ಪಗೆ, ಹಲ್ಲು ಸ್ವಲ್ಪ ಮುಂದೆ. ಇಷ್ಟೇನಾ ಎಂದು ಅನ್ನಿಸಿತು. ವರ್ಷಪೂರ್ತಿ ನಾನು ಯಾವುದೋ ರಾಣಿಯ ಜೊತೆ ಗುದ್ದಾಡಿದ್ದೆ. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, 'ಮೊಣಕಾಲು ನೋವಿನ' ಆ ಹೆಂಗಸು ಹುಡುಗಿಯ ಹಾಗೆ ಸರಸರ ನಡೆದು ಬಂದಳು.

ಮಣ್ಣು ಕೊಟ್ಟು ಬಂದ ಮೇಲೆ ಕಮಲಾಳ ಅಂಗಳದಲ್ಲಿ ಹೆಂಗಸರೆಲ್ಲ ಕೂತಿದ್ದೆವು. ಕಮಲಾ ಕೆಂಪು ಕಣ್ಣು ಎತ್ತಿ ಸುಶೀಲಮ್ಮನನ್ನು ಕೇಳಿದಳು, "ಆರೋಹಣಕ್ಕ ಯಾಕ ಬರಲಿಲ್ಲ ಅಮ್ಮಾ? ಇವರು ನಿಮಗ ಫೋನ್ ಹಚ್ಚಿದ್ರಲ್ಲ. ಅವ್ವ ಬಾಳ ದಾರಿ ನೋಡಿದಳು."

ಸುಶೀಲಮ್ಮ ಒಂದು ಸಲ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಎಲ್ಲವೂ ಬರೆದಿತ್ತು ಎಂದು ಕಾಣುತ್ತದೆ. ಕಣ್ಣು ಕೆಳಗಿಟ್ಟು, "ಬರೂದಿತ್ತವ್ವಾ. ಮನ್ಯಾಗ ಬೀಗರು ಬಂದಿದ್ರು, ಬಿಟ್ಟು ಬರಲಿಕ್ಕ ಆಗಲಿಲ್ಲ" ಎಂದಳು.

ಕಮಲಾ ಮೆಲ್ಲಗೆ, "ಬೀಗರು? ಮೊಣಕಾಲು ನೋವು ಅಂತ ಹೇಳಿದ್ರಂತ?" ಎಂದಳು.

"ಅದೂ... ಇತ್ತು."

"ಸಾಕು ಬಿಡ್ರಿ!" ಕಮಲಾ ಎದ್ದು ನಿಂತಳು. "ಸಣ್ಣ ಹುಡುಗೂರಗತೆ ಒಬ್ಬರಿಗೊಂದು ನೆವಾ ಹೇಳಬ್ಯಾಡ್ರಿ. ಹೊರಸಿನ ಮ್ಯಾಲ ಹೊತಗೊಂಡು ಹೋಗೇವಿ ಆಕಿನ್ನ, ನಿಮ್ಮ ಬಸ್ ನೋಡಲಿಕ್ಕ. ಮನಸಿಲ್ಲಾಂದ್ರ ಮನಸಿಲ್ಲ ಅನ್ನಬೇಕಿತ್ತು. ಒಂಬತ್ತು ವರ್ಷ ಅಮ್ಮಾ ಅಮ್ಮಾ ಅಂದ್ವಿ ನಿಮಗ."

ಸುಶೀಲಮ್ಮ ತಲೆ ಎತ್ತಲಿಲ್ಲ. "ತಪ್ಪಾಯ್ತವ್ವಾ" ಎಂದಷ್ಟೇ ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಆಕೆಯ ಪಕ್ಕದಿಂದ ಸರಿದು ಕೂತರು. ಒಬ್ಬಳು ಬಂದು ನನ್ನ ಪಕ್ಕಕ್ಕೆ ಕೂತಳು. "ಕಡೀ ತನಕ ನೋಡಿಕೊಂಡವರು ನಮ್ಮ ಈ ಅಮ್ಮಾರ ನೋಡು" ಎಂದಳು. ವರ್ಷಪೂರ್ತಿ ನಾನು ಬೇಡಿದ್ದು ಇದೇ. ದೇವರು ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ನಾನು ಬಾಯಿ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಸುಶೀಲಮ್ಮ ಎದ್ದು ಹೊರಟಳು. ಆ ಓಣಿಯಿಂದ ಯಾರೂ ಒಬ್ಬರೇ ಹೋದದ್ದನ್ನು, ಬುತ್ತಿಯಿಲ್ಲದೆ ಹೋದದ್ದನ್ನು ನಾನು ನೋಡಿರಲಿಲ್ಲ. ವಸೂಲಿಗೆ ಬಂದವನಿಗೂ ನಾಲ್ಕು ರೊಟ್ಟಿ ಕಟ್ಟಿಕೊಡುವ ಜನ ಅವರು. ಆಕೆಗೆ ಯಾರೂ ಏಳಲಿಲ್ಲ. ಆಕೆ ಓಣಿಯ ಮೂಲೆ ದಾಟಿದ ಮೇಲೆ ನನಗೆ ಕೂರಲಾಗಲಿಲ್ಲ. ಛತ್ರಿ ತೆಗೆದುಕೊಂಡು ಹಿಂದೆ ಓಡಿದೆ.

ಬಸ್ ನಿಲ್ಲುವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. "ಯಾಕ ಸುಳ್ಳ ಹೇಳಿದ್ರಿ?" ಎಂದು ನಾನೇ ಜೋರು ಮಾಡಿದೆ. ಉಲ್ಟಾ ಚೋರ್ ಕೋತವಾಲ್ ಕೊ ಡಾಂಟೆ ಅನ್ನುತ್ತಾರಲ್ಲ ನಮ್ಮ ಕಡೆ, ಕಳ್ಳನೇ ಪೊಲೀಸನನ್ನು ಗದರಿಸಿದ ಹಾಗೆ.

"ನೀವು ಫೋನ್ ಹಚ್ಚೇ ಇಲ್ಲ. ಹೌದಿಲ್ರಿ?"

"ಹೌದು. ಹಚ್ಚಿಲ್ಲ."

"ನಾ ಆ ಗುರುವಾರ ಫೋನ್ ಮಡಿಲಾಗ ಇಟಗೊಂಡು ಕುಂತಿದ್ದೆ" ಎಂದಳು ಸುಶೀಲಮ್ಮ. "ಮುಂಜಾನಿ ನಾಕಕ್ಕ ಎದ್ದು, ಹೊಸಾ ಸೀರಿ ಉಟಗೊಂಡು. ಈಗ ಕರೀತಾರ, ಈಗ ಕರೀತಾರ ಅಂತ. ಆಮ್ಯಾಗ ಬಿಸಲು ಏರ್ತು. ನನ್ನ ಬುತ್ತಿ ನೀವು ಕಟ್ಟಲತ್ತೀರಿ ಅಂತ ನೆನಸಿ ಹೊಟ್ಯಾಗ ಬೆಂಕಿ ಬಿತ್ತರಿ. ನಮ್ಮವರಿಗೆ ಉಣ್ಣಲಿಕ್ಕೂ ಹಾಕಲಿಲ್ಲ."

"ನನ್ನ ಮ್ಯಾಲ? ನಿಮಗ ನನ್ನ ಮ್ಯಾಲ ಹೊಟ್ಟಿಕಿಚ್ಚಾ?"

"ಮತ್ತ ಯಾರ ಮ್ಯಾಲ? ನನ್ನ ಮನಿಯಾಗ ಅದೀರಿ, ನನ್ನ ಮಂದ್ಯಾಗ ಅದೀರಿ." ನಕ್ಕಳು. ಹಲ್ಲು ಮುಂದಿದ್ದರೂ ನಗು ಚೆಂದವಿತ್ತು, ಹಾಳಾಗಲಿ. "ಅವರಿಗೆ ಆ ಹಬ್ಬ ಕಲಿಸಿದಾಕಿ ನಾನು. ಸ್ವಾಮಿ ಇಲ್ಲೇ ಇದ್ದಿದ್ರ ಶಿಷ್ಯರು ಅವನ ಮಾರಿ ನೋಡಕೊಂತ ಕುಂದರತಿದ್ರು, ಒಬ್ಬನೂ ಕೆಲಸಕ್ಕ ಹತ್ತತಿರಲಿಲ್ಲ. ಅದಕ್ಕ ಹ್ವಾದ, ಪ್ರೀತಿ ಇದ್ದದ್ದಕ್ಕ ಹ್ವಾದ ಅಂತ ಬಾಯಿ ತುಂಬ ಹೇಳತಿದ್ದೆ. ನಾ ಮಾತ್ರ ಭಾಲ್ಕ್ಯಾಗ ಕುಂತು ದಿನಾ ಇಲ್ಲೇ ಇರತಿದ್ದೆ. ಫೋನ್ ಎತ್ತತಿದ್ದಿಲ್ಲ ಖರೇ, ಆದ್ರ ಎಷ್ಟು ಸಲ ಬಡೀತು ಅಂತ ಎಣಸತಿದ್ದೆ. ಇವತ್ತ ಕಮಲಾ ಬೈದಳಲ್ಲ, ಈಗ ನಾ ಖರೇನೇ ಹ್ವಾದಂಗಾತು. ಅವರಿಗೆ ಏನೂ ಹೇಳಬ್ಯಾಡ್ರಿ. ಹಿಂಗೇ ಇರಲಿ."

ಬಸ್ಸು ಬಂತು. ಹತ್ತಿದಳು. ಕಿಟಕಿಯ ಪಕ್ಕಕ್ಕೇ ಕೂತರೂ ಆಕೆ ಹಿಂದಕ್ಕೆ ನೋಡಲಿಲ್ಲ.

ನಾನು ಕೆಸರು ತುಳಿಯುತ್ತ ತಿರುಗಿ ಬಂದೆ. ಮನಸ್ಸು ಕರಗಿತು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಕರಗಲಿಲ್ಲ. ಸಿಟ್ಟು ಬಂದಿತ್ತು. ಒಳ್ಳೆಯತನದಲ್ಲಿ ಆಕೆಯೇ ಮೇಲು, ಹೋಗಲಿ. ಹೊಟ್ಟೆಕಿಚ್ಚಿನಲ್ಲೂ ಆಕೆಯೇ ಮೇಲಾಗಬೇಕೇ? ನನ್ನ ಹೊಟ್ಟೆಕಿಚ್ಚು ಒಬ್ಬ ಮುದುಕಿಯ ಕಣ್ಣು ಕೊನೆಯ ತನಕ ದಾರಿಗೆ ಹಚ್ಚಿತು, ಆಕೆಯದು ಯಾರಿಗೂ ಒಂದು ಮುಳ್ಳು ಚುಚ್ಚಲಿಲ್ಲ. ಇನ್ನು ಆಕೆ ನನಗಾಗಿ ಹೇಳಿದ ಸುಳ್ಳಿನ ಕೆಳಗೆ ನಾನು ಜೀವಮಾನವಿಡೀ ಕೂರಬೇಕು. ಆ ಋಣ ನನಗೆ ಬೇಡವಾಗಿತ್ತು. ಅಂಗಳಕ್ಕೆ ಬಂದು ನಿಂತು, ಛತ್ರಿಯನ್ನೂ ಮುಚ್ಚದೆ ಹೇಳಿಬಿಟ್ಟೆ. "ಸುಶೀಲಮ್ಮಗ ನಾ ಫೋನ್ ಹಚ್ಚೇ ಇದ್ದಿಲ್ಲ. ಮೊಣಕಾಲು ನನ್ನ ಸುಳ್ಳು. ಬೀಗರು ನನ್ನ ಸಲುವಾಗಿ ಆಕಿ ಹೇಳಿದ ಸುಳ್ಳು."

ಕಮಲಾ ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. "ಯಾಕ?" ಎಂದಳು.

"ನಿಮಗ ಆಕಿ ಬೇಕಾಗಿದ್ದಳು, ನಾ ಬೇಕಾಗಿರಲಿಲ್ಲ. ಅದಕ್ಕ."

"ಹಚ್ರಿ ಈಗ ಫೋನ್. ನನ್ನ ಎದುರಿಗೆ ಹಚ್ರಿ."

ಹಚ್ಚಿದೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ. ಬಡಿಯಿತು, ಬಡಿಯಿತು, ನಿಂತಿತು. ಮತ್ತೆ ಹಚ್ಚಿದೆ. ಹೆಂಗಸರೆಲ್ಲ ನನ್ನ ಅಂಗೈಯೊಳಗಿನ ಆ ಫೋನನ್ನೇ ನೋಡುತ್ತ ನಿಂತಿದ್ದರು. ಮೂರನೆಯ ಸಲ ನಿಂತ ಮೇಲೆ ಕಮಲಾ ಮೂಗು ಒರೆಸಿಕೊಂಡಳು.

"ಎತ್ತಂಗಿಲ್ಲ ಆಕಿ. ಹ್ವಾದಳು" ಎಂದಳು. "ನಿಮ್ಮ ಮ್ಯಾಲಿನ ಸಿಟ್ಟು ನನಗ ಜಲ್ದಿ ಇಳಿಯಂಗಿಲ್ಲ ಅಮ್ಮಾ, ಈಗೇ ಹೇಳ್ತೇನಿ. ಆದ್ರ ಮಣ್ಣಿಗೆ ಬಂದ ಮಂದಿ ಇನ್ನಾ ಉಂಡಿಲ್ಲ. ಒಳಗ ಬರ್ರಿ, ರೊಟ್ಟಿ ಬಡೀರಿ."

ವರ್ಷವಿಡೀ ಆ ಮನೆಗಳಲ್ಲಿ ನನಗೆ ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು. ಅಂದು ಯಾರೂ ಕುರ್ಚಿ ಹಾಕಲಿಲ್ಲ. ಒಲೆಯ ಮುಂದೆ ಕೂತು ಹಿಟ್ಟು ನಾದಿದೆ. ಕಮಲಾ ನನ್ನ ಜೊತೆ ಮಾತಾಡಲು ದೀಪಾವಳಿ ಆಯಿತು. ಚರ್ಚಿನ ಕಸವನ್ನು ಮಾತ್ರ ಮರುದಿನದಿಂದಲೇ ಹೊಡೆದೆ, ಒಂದು ತಿಂಗಳು, ಯಾರೂ ಹೇಳದಿದ್ದರೂ.

ಆಮೇಲೆ ಐದು ವರ್ಷ ಅಲ್ಲಿದ್ದೆವು. ಐದು ಬುತ್ತಿ ಕಟ್ಟಿದೆ. ಪ್ರತಿ ವರ್ಷ ಮೊದಲೇ ಭಾಲ್ಕಿಗೆ ಫೋನ್ ಮಾಡಿದೆ, ಕಮಲಾಳ ಎದುರಿಗೇ. ಆಕೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಪಟ್ಟಿ ಓದಿದಾಗ ನಮಗೆ ಮೈಲೂರು ಬಂತು. ಬಸ್ ಕಟ್ಟೆಯಲ್ಲಿ ಹೆಂಗಸರು ಅತ್ತರು. ಈ ಸಲ ನನಗಾಗಿಯೇ ಅಳುತ್ತಿದ್ದರು, ವಿಚಾರಿಸಿಕೊಂಡೆ. ನಾನೂ ಸುಶೀಲಮ್ಮನ ಮಾತನ್ನೇ ಹೇಳಿ ಬಂದೆ: ಹೊಸ ಪಾಸ್ಟ್ರಮ್ಮ ಕರೆಯದೆ ಬರುವುದಿಲ್ಲ. ಆದರೆ ಫೋನ್ ಎತ್ತುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕಮಲಾಳ ಫೋನು ಬಂದರೆ ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತಿದ್ದೆ.

ಈ ವರ್ಷ ಆರೋಹಣದ ಹಿಂದಿನ ದಿನ ಕಮಲಾ ಕೇಳಿದಳು, "ಅಮ್ಮಾ, ನಾಳೆ ಬರ್ತೀರಿಲ್ಲ? ಹೊಸಾ ಅಮ್ಮಾರಿಗೆ ಹೇಳೇವಿ. ಇವತ್ತ ಸಂಜಿಕ ನಿಮಗ ಫೋನ್ ಹಚ್ತೇನಿ ಅಂದಾರ." ನಾನು ಸೀರೆ ಇಸ್ತ್ರಿ ಮಾಡಿಸಿದೆ. ಸಂಜೆ ಫೋನ್ ಬರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಉಟ್ಟು ಕೂತೆ. ಬಿಸಿಲು ಏರಿತು. ದಿಬ್ಬದ ಮೇಲೆ ಆ ಹೊಸ ಪಾಸ್ಟ್ರಮ್ಮ, ನಾನು ಮುಖವನ್ನೂ ನೋಡದ ಆ ಹುಡುಗಿ, ನಾಲ್ಕು ತುದಿ ಎಳೆದು ಗಂಟು ಹಾಕುತ್ತಿದ್ದಾಳೆ. ಚಲೋ ಕಟ್ಟ್ಯಾರ ಎಂದು ಯಾರೋ ಅನ್ನುತ್ತಿದ್ದಾರೆ. ನಮ್ಮವರು ಊಟ ಕೇಳಿದರೆ ರೇಗಿದೆ.

ಸಂಜೆ ಕಮಲಾ ಫೋನ್ ಮಾಡಿದಳು. "ಯಾಕ ಬರಲಿಲ್ಲ ಅಮ್ಮಾ?"

ಬಾಯಿಯ ತುದಿಗೆ ಬಂದಿತ್ತು. ನಿಮ್ಮ ಹೊಸ ಅಮ್ಮ ನನ್ನನ್ನು ಕರೆಯಲೇ ಇಲ್ಲ ಎಂದು ಒಂದು ಮಾತು ಹೇಳಿದರೆ ಆ ಹುಡುಗಿಯ ಬಾಳು ಆ ಓಣಿಯಲ್ಲಿ ಮುಗಿಯುತ್ತಿತ್ತು. ಕಮಲಾಳನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ನಾನು ಸುಶೀಲಮ್ಮನಷ್ಟು ಪೆದ್ದಿಯಲ್ಲ, ಮೊದಲು ಕೇಳಿದೆ. "ನಿಮ್ಮ ಅಮ್ಮಾರು ಏನಂದ್ರು?"

"ನಿಮಗ ಬಿ.ಪಿ. ಏರ್ಯಾದ ಅಂದ್ರು."

"ಹೂನವ್ವಾ. ಬಿ.ಪಿ. ಏರಿತ್ತು" ಎಂದೆ. "ಆಕಿ ಖರೇನೇ ಹೇಳ್ಯಾಳ. ಇನ್ನ ಮ್ಯಾಲ ಏನಿದ್ರೂ ಆಕಿಗೇ ಕೇಳ್ರಿ."

ಮರುದಿನ ಮತ್ತೆ ಕಮಲಾಳ ಹೆಸರು ಫೋನಿನ ಮೇಲೆ ಬಂತು. ಅದು ಬಡಿದು ಬಡಿದು ಸುಮ್ಮನಾಗುವ ತನಕ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದೆ.